ಟೀಚರ್ ದನಿಗೆ ಕಾವಲು ಕೂತ ಕಿವಿಯಕ್ಕ

ಬೆಳಗಿನ ಐದೂವರೆ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಗಿದೆ. ಒರೆಸುವ ವ್ಯವಧಾನ ಕಿವಿಯಕ್ಕನಿಗಿಲ್ಲ. ಕೂರುತ್ತಾರೆ, ಏಳುತ್ತಾರೆ, ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. "ಅಮ್ಮಾ, ಕಾಲು ಅಲ್ಲಾಡಿಸ್ಬೇಡ, ಮಂಚ ಎಲ್ಲಾ ನಡುಗ್ತಿದೆ" ಎಂದು ಮಗಳು ಮುಸುಕಿನೊಳಗಿಂದಲೇ ಗೊಣಗುತ್ತಾಳೆ. ಮಂಚಕ್ಕೆ ಆತುಕೊಂಡ ಮೇಜೇ ಈಕೆಯ ಕಚೇರಿ.

ಆನ್‌ಲೈನ್ ಪಾಠಗಳ ವಿಡಿಯೊಗೆ ದನಿ ಹೊಂದಿಸುವುದು ಕಸುಬು, ಅದಕ್ಕೇ ಎಲ್ಲರ ಬಾಯಲ್ಲೂ ಕಿವಿಯಕ್ಕ. ಹನ್ನೆರಡು ವರ್ಷವಾಯಿತು, ದಿನಕ್ಕೆ ಹತ್ತು ಹದಿನೈದು ಫೈಲು. ಕೆಲವು ರೆಕಾರ್ಡರ್‌ಗಳು ಒಂದು ಸೆಕೆಂಡಿನ ದನಿಯನ್ನು 44,100 ಚೂರು ಮಾಡಿ ಇಡುತ್ತವೆ. ವಿಡಿಯೊಗೆ ಬೇಕಾದದ್ದು 48,000. ಇದಕ್ಕೆ ಸ್ಯಾಂಪಲ್ ರೇಟ್ ಎನ್ನುತ್ತಾರೆ. ದನಿಯನ್ನೇ ಪರಿವರ್ತಿಸದೆ ಫೈಲಿನ ಮೇಲಿನ ಅಂಕಿಯನ್ನಷ್ಟೇ ತಿದ್ದಿದರೆ ಗಂಟೆಯ ಪಾಠ ಐವತ್ತೈದು ನಿಮಿಷಕ್ಕೇ ಓಡಿ ಮುಗಿಯುತ್ತದೆ, ದನಿ ಕೀರಲಾಗುತ್ತದೆ.

ನಿನ್ನೆ ಅವಸರದಲ್ಲಿ ಆದದ್ದು ಅದೇ. ಅದೂ ಯಾರ ಪಾಠಕ್ಕೆ? ಗಂಟಲಿನ ಶಸ್ತ್ರಚಿಕಿತ್ಸೆಗೆ ಮುನ್ನ ಗಣಿತದ ಟೀಚರ್ ಮಾಡಿದ ಕೊನೆಯ ಪಾಠಕ್ಕೆ. ಟೀಚರಿಗೆ ಈಗ ಮಾತಿಲ್ಲ, ಇನ್ನು ಬರುವುದೂ ಇಲ್ಲ. ವಿಡಿಯೊ ನೋಡಿ ಅವರು ಮೊಬೈಲಿನಲ್ಲಿ ಬರೆದು ಕಳಿಸಿದ್ದು ಎರಡೇ ಪದ: "ಇದು ನಾನಲ್ಲ."

"ಬೈದಿದ್ರೆ ತಡ್ಕೋತಿದ್ದೆ. ಅವರಿಗೆ ಉಳಿದಿರೋ ದನಿ ಇದೊಂದೇ, ಅದನ್ನೂ ಕೆಡಿಸಿಟ್ನಲ್ಲಾ" ಎನ್ನುವಾಗ ಕಿವಿಯಕ್ಕನ ಕಣ್ಣು ತುಂಬುತ್ತದೆ. ಎಂಟು ಗಂಟೆಗೆ ಪಾಠ ಮಕ್ಕಳಿಗೆ ಹೋಗಬೇಕು.

ಮೂಲ ಫೈಲು ಹುಡುಕಿ ಪರಿವರ್ತಿಸಿದ್ದಾಗಿದೆ. ಆದರೂ ಜೀವಕ್ಕೆ ಸಮಾಧಾನವಿಲ್ಲ. ಪಾಠದ ಆರಂಭಕ್ಕೊಂದು, ಕೊನೆಗೊಂದು ಚಪ್ಪಾಳೆ ತಟ್ಟಿ ಎಂದು ಎಲ್ಲರಿಗೂ ಗಂಟುಬೀಳುವುದು ಈಕೆಯ ಪದ್ಧತಿ. ಅಂಗೈ ಸೇರುವುದೂ ಸದ್ದು ಕೇಳುವುದೂ ಒಟ್ಟಿಗಾದರೆ ದನಿ ಎಲ್ಲೂ ಜಾರಿಲ್ಲವೆಂದು ಅರ್ಥ. ಟೀಚರ್ ಮೊದಲನೆಯದು ತಟ್ಟಿದ್ದಾರೆ, ಕೊನೆಯದು ಮರೆತಿದ್ದಾರೆ. "ಎಲ್ಲರಿಗೂ ಪಾಠ ಹೇಳೋರು, ನನ್ನ ಮಾತು ಮಾತ್ರ ಕೇಳಲ್ಲ!"

ಕೊನೆಯ ನಿಮಿಷವನ್ನು ಹಿಂದೆ ಮುಂದೆ ಓಡಿಸುತ್ತಾರೆ. ಪಾಠ ಮುಗಿಸಿದ ಟೀಚರ್ ಡಸ್ಟರನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಟಕ್! ಕೈ ಇಳಿದದ್ದೂ ಸದ್ದಾದದ್ದೂ ಒಂದೇ ಕ್ಷಣ. ಮೂರು ಸಲ ನೋಡಿ ಟೀಚರಿಗೆ ಕಳಿಸುತ್ತಾರೆ.

ಏಳು ಗಂಟೆ. ಉತ್ತರವಿಲ್ಲ. ಒಲೆ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಏಳು ನಲವತ್ತಕ್ಕೆ ಮೊಬೈಲು ಮಿನುಗುತ್ತದೆ: "ಇದು ನಾನೇ. ಇಷ್ಟೊಂದು ಗದರುತ್ತಿದ್ದೆನಾ?"

ಕಿವಿಯಕ್ಕ ಒರೆಸುವ ಬಟ್ಟೆ ಹಿಡಿದುಕೊಂಡೇ ಮಂಚದ ಮೇಲೆ ಕುಸಿದು ಕೂರುತ್ತಾರೆ. ಕಾಲು ಈಗ ಅಲ್ಲಾಡುತ್ತಿಲ್ಲ.

"ಆ ಗದರಿಕೆ ಮಕ್ಕಳಿಗೆ ಹಾಗೇ ತಲುಪಿದ್ರೆ ಸಾಕು" ಎನ್ನುತ್ತಾರೆ. "ಒಂದು ಚೂರೂ ಮೆತ್ತಗಾಗ್ಬಾರ್ದು."