ಕಬಡ್ಡಿಯ ಕನ್ನಡ ಮೊಬೈಲಿಗೆ ಹೋದ ವರ್ಷ

ನಮ್ಮ ಮಾವನವರು ಕಬಡ್ಡಿ ನೋಡುವುದಿಲ್ಲ, ಕೇಳುತ್ತಾರೆ. ಕಣ್ಣಿನ ನರ ಬತ್ತುತ್ತಾ ಬಂದು, ಈಗ ಅವರಿಗೆ ಕಾಣುವುದು ಬೆಳಕು, ಬೆಳಕಿನಲ್ಲಿ ಅಲುಗುವ ನೆರಳು, ಅಷ್ಟೆ. ಟಿವಿಯ ಮುಂದೆ ಕೂತರೂ ಮುಖ ಪರದೆಯ ಕಡೆಗೆ ಇರುವುದಿಲ್ಲ. ಬಲಗಿವಿಯನ್ನು ಅತ್ತ ಕೊಟ್ಟು, ಗದ್ದ ತುಸು ಮೇಲೆತ್ತಿ, ಗೋಡೆಯ ಕ್ಯಾಲೆಂಡರಿನತ್ತ ತಿರುಗಿರುತ್ತಾರೆ. ಆಟಗಾರನೊಬ್ಬ ರೈಡಿಗೆ ಹೊರಟನೆಂದು ಕೇಳಿಸಿದ ಕೂಡಲೇ ಧೋತರದ ಅಂಚಿನ ಕೆಳಗೆ ಅವರ ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿಯುತ್ತವೆ. ಹರೆಯದಲ್ಲಿ ಮೂಡಲಗಿಯ ಮಣ್ಣಿನಲ್ಲಿ ಆಡಿದ ಕಾಲು ಅದು.

ಲೀಗ್ ಶುರುವಾದರೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಗೆ ಇಬ್ಬರು ಬರುತ್ತಾರೆ. ಒಬ್ಬರು ನಮ್ಮ ಓಣಿಯ ಟೇಲರ್. ಕೊರಳಲ್ಲಿ ಅಳತೆಯ ಟೇಪು ಹಾಗೇ ಇರುತ್ತದೆ. ಇನ್ನೊಬ್ಬರು ಅರಭಾವಿಯವರು, ರಿಟೈರಾದ ಬಸ್ ಕಂಡಕ್ಟರ್. ಈಗಲೂ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತು ಬರುತ್ತಾರಂತೆ. ಮೂವರೂ ಕೂಡಿ ಮಾಡುವುದು ಜಗಳ. ರೈಡ್ ಮುಗಿಯುವ ಮೊದಲೇ ಮಾವನವರು "ಸಿಕ್ಕ" ಅಥವಾ "ಪಾರಾದ" ಎಂದು ತೀರ್ಪು ಕೊಡುತ್ತಾರೆ. ಆ ಇಬ್ಬರು ಉಲ್ಟಾ ಹೇಳುತ್ತಾರೆ. ಮಾವನವರು ಸೋತರಂತೂ ಜಾಹೀರಾತು ಮುಗಿಯುವವರೆಗೂ ಬಿಡುವುದಿಲ್ಲ.

"ಸಾವ್ಕಾರ್ರ, ನೀವು ಬೆಲ್ಲಾ ತೂಗೂದ ಛಲೋ. ಕಬಡ್ಡಿ ನಮಗ ಬಿಡ್ರಿ."

"ನೀ ತಿಕೀಟ ಹರಿ ಹೋಗೋ. ಒಂದರೆ ದಿನಾ ಅಂಕಣಕ್ಕ ಇಳದಿಯೇನ?"

ಬೆಲ್ಲದ ಅಂಗಡಿಯನ್ನು ಈಗ ನನ್ನ ಯಜಮಾನರು ನೋಡಿಕೊಳ್ಳುತ್ತಾರೆ. ಪೇಪರು ನಾನು ಓದಿ ಹೇಳಬೇಕು, ಗಡ್ಡ ಹೆರೆಯಲು ಕ್ಷೌರದವರು ಮನೆಗೇ ಬರುತ್ತಾರೆ, ಊಟದ ತಟ್ಟೆಯಲ್ಲಿ ಪಲ್ಯ ಯಾವ ಕಡೆಗಿದೆ ಎಂದು ಅತ್ತೆ ಹೇಳಬೇಕು. ಮಾವನವರು ಯಾರ ಆಸರೆಯೂ ಇಲ್ಲದೆ, ಸರಿಸಮನಾಗಿ ಕೂತು ಮಾಡುವ ಕೆಲಸವೆಂದು ಉಳಿದಿದ್ದರೆ ಈ ಜಗಳ ಒಂದೇ.

ಆ ವರ್ಷ ಲೀಗಿನ ಪ್ರಸಾರದ ಹಕ್ಕು ಬೇರೆ ಕಂಪನಿಗೆ ಹೋಯಿತು. ಪೇಪರಿನಲ್ಲಿ ಬಂದಿದ್ದನ್ನು ನಾನೇ ಓದಿದೆ. ಕೋಟಿಗಳ ಲೆಕ್ಕ ಬಂದಾಗ ಮಾವನವರು "ಅದನ್ನ ಬಿಟ್ಟ ಮುಂದ ಓದವಾ" ಎಂದು ಕೈಯಾಡಿಸಿದರು. ಮುಂದೆ ಇದ್ದದ್ದು ಇಷ್ಟು: ಟಿವಿಯಲ್ಲಿ ಹಿಂದಿ, ಇಂಗ್ಲಿಷ್ ಮಾತ್ರ, ಕನ್ನಡ ಕಾಮೆಂಟರಿ ಬೇಕಾದವರು ಮೊಬೈಲ್ ಆ್ಯಪಿನಲ್ಲಿ ಚಂದಾ ಕಟ್ಟಿ ಕೇಳಬೇಕು. ನಾನು ಪೇಪರ್ ಮಡಚಿದ ಮೇಲೂ ಅವರು ಕಿವಿಯನ್ನು ನನ್ನ ಕಡೆಗೇ ಇಟ್ಟುಕೊಂಡಿದ್ದರು, ಇನ್ನೂ ಏನೋ ಉಳಿದಿರಬಹುದು ಎಂಬಂತೆ.

ಸಂಜೆ ಸುದ್ದಿ ಕೇಳಿ ಕಂಡಕ್ಟರರು ಸಿಟ್ಟಿಗೆದ್ದರು. "ಆಟಾ ನಮ್ಮ ಮಣ್ಣಿಂದು. ಅದನ್ನ ಹಿಂದ್ಯಾಗ ಕೇಳೂದೇನ್ರಿ? ನಾಳೆ ರೊಟ್ಟಿ ಬಡಿಯೂದೂ ಹಿಂದ್ಯಾಗ ಕಲಸ್ತಾರ."

ಟೇಲರರ ಚಿಂತೆ ಬೇರೆ. "ಮೊಬೈಲ್‌ನಾಗ ನೋಡಿದ್ರ ಕಬಡ್ಡಿ ಇರಿವಿ ಜಗಳ ಆದಂಗ ಕಾಣ್ತೈತ್ರಿ. ಯಾವ ಇರಿವಿ ಔಟ್ ಆತು ಅಂತ ಸೂಜಿ ಪೋಣಸೋ ಚಸ್ಮಾ ಹಾಕ್ಕೊಂಡ ನೋಡಬೇಕ."

ಹುಕ್ಕೇರಿಯಲ್ಲಿರುವ ನಾದಿನಿ ಫೋನ್ ಮಾಡಿದಾಗ ಅಲ್ಲಿಯ ಕಥೆ ಹೇಳಿದಳು: "ವೈನಿ, ನಮ್ಮ ಮನ್ಯಾಗ ಒಬ್ಬೊಬ್ಬರು ಒಂದೊಂದು ಮೂಲಿ ಹಿಡದ, ಕಿವ್ಯಾಗ ವಾಯರ್ ತುರಿಕಿಕೊಂಡ ಕುಂತಾರ. ಒಬ್ಬ 'ಹೋ' ಅಂತಾನ, ಇನ್ನೊಬ್ಬ 'ಸುಮ್ಮ ಕುಂದ್ರೋ, ನಂದಿನ್ನಾ ಬಂದಿಲ್ಲ' ಅಂತಾನ. ಊಟಕ್ಕ ಕರದ್ರ ಯಾರಿಗೂ ಕೇಳೂದಿಲ್ಲ."

ನನ್ನ ಯಜಮಾನರು ಚಂದಾ ಕಟ್ಟಿಬಿಟ್ಟರು. ಮೊಬೈಲನ್ನು ಟಿವಿಗೆ ಜೋಡಿಸಿ ನೋಡಿದರು. ನಮ್ಮ ಓಣಿಯ ನೆಟ್ಟಿಗೆ ಅಷ್ಟು ಶಕ್ತಿಯಿಲ್ಲ. ಚಿತ್ರ ನಿಂತು, ಆಟಗಾರನ ಮುಖದ ಮೇಲೆ ಉಂಗುರವೊಂದು ತಿರುಗತೊಡಗುತ್ತಿತ್ತು. ಕೊನೆಗೆ ಅವರೇ ಉಪಾಯ ತೆಗೆದರು. ಟಿವಿಯ ಧ್ವನಿ ಪೂರ್ತಿ ಬಂದ್ ಮಾಡಿ, ಚಿತ್ರ ಅದರಲ್ಲಿ ನೋಡುವುದು. ಕನ್ನಡವನ್ನು ಮೊಬೈಲಿನಿಂದ ಸ್ಪೀಕರಿನಲ್ಲಿ ಕೇಳುವುದು. ಮೊದಲ ದಿನ ಎಲ್ಲರೂ ಅವರನ್ನು ಹೊಗಳಿದರು.

ಆಟ ಶುರುವಾಯಿತು. ಟಿವಿಯಲ್ಲಿ ರೈಡರ್ ಸಿಕ್ಕಿಬಿದ್ದ. ಟೇಲರರು "ಹಿಡದ್ರು!" ಎಂದು ತೊಡೆ ತಟ್ಟಿದರು. ಸ್ಪೀಕರಿನಲ್ಲಿ ಅದೇ ರೈಡರ್ ಇನ್ನೂ ಗೆರೆ ದಾಟುತ್ತಿದ್ದ. ಮೊಬೈಲಿನ ಆಟ ಟಿವಿಯ ಆಟಕ್ಕಿಂತ ಹಿಂದೆ ನಡೆಯುತ್ತಿತ್ತು. ಟೇಲರರ ಮಾತನ್ನು ಊಹೆಯೆಂದೇ ತಿಳಿದ ಮಾವನವರು ಗದ್ದ ಎತ್ತಿ, "ಇಂವಾ ಪಾರಾಗ್ತಾನ ನೋಡ್ರಿ" ಎಂದರು. ಟೇಲರರು ತೊಡೆಯ ಮೇಲಿನ ಕೈ ತೆಗೆದರು. ಇಬ್ಬರಿಗೂ ಫಲಿತಾಂಶ ಗೊತ್ತಿತ್ತು.

ಆಮೇಲೆ ಆದದ್ದು ನನಗೆ ಬಾಗಿಲ ಬಳಿಯಿಂದ ಚೆನ್ನಾಗಿ ಕಂಡಿತು. ಸ್ನೇಹಿತರು ಮರ್ಯಾದಸ್ಥರಾದರು. ಟಿವಿಯಲ್ಲಿ ಏನೇ ಆಗಲಿ, ಬಾಯಿ ಮುಚ್ಚಿಕೊಂಡು, ಸ್ಪೀಕರ್ ಹೇಳುವವರೆಗೆ ಕಾದು, ಆಮೇಲೆ "ಹೋ" ಎನ್ನುವರು. ಮಾವನವರು ತಪ್ಪು ಹೇಳಿದರೆ "ಇರಲಿ ಬಿಡ್ರಿ, ಆಗ್ತೈತಿ" ಎನ್ನುವರು. ಕಂಡಕ್ಟರರ ಬಾಯಲ್ಲಿ ಅಂಥ ಮಾತು ನಾನು ಕೇಳಿರಲೇ ಇಲ್ಲ. ಮಾವನವರಿಗೆ ಕಣ್ಣಿಲ್ಲ, ಕಿವಿ ಚುರುಕು. ತಡೆದ ಉಸಿರೂ ಅವರಿಗೆ ಕೇಳಿಸುತ್ತದೆ. ಕೆಲವು ಸಂಜೆಗಳ ನಂತರ ಅವರು ತೀರ್ಪು ಕೊಡುವುದನ್ನೇ ನಿಲ್ಲಿಸಿದರು. ಒಂದು ದಿನ ಆಟದ ಅರ್ಧದಲ್ಲೇ "ತಲಿ ಜಡಾ ಆಗೈತಿ" ಎಂದು ಗೋಡೆ ಹಿಡಿದು ಒಳಗೆ ಹೋದರು.

ಸ್ನೇಹಿತರು ತಪ್ಪಿತಸ್ಥರಂತೆ ಕೂತರು. "ನಾಳಿಂದ ಟಿವಿ ಬಂದ್ ಮಾಡಿ ಮೂರೂ ಮಂದಿ ಬರೇ ಕೇಳೂಣು" ಎಂದರು ಟೇಲರ್. ಒಳಗಿನಿಂದ ಮಾವನವರ ದನಿ ಬಂತು: "ನನ್ನ ಸಲುವಾಗಿ ಯಾರೂ ಕಣ್ಣ ಮುಚ್ಚೂದು ಬ್ಯಾಡ."

ಇಲ್ಲಿ ನನ್ನ ಜಾಗದ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಮಾವನವರ ಜೊತೆಯವರು ಪಡಸಾಲೆಯಲ್ಲಿದ್ದರೆ ಸೊಸೆ ಅಲ್ಲಿ ಕೂರುವುದಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಚಹಾದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಬಳೆ ಸಪ್ಪಳ ಮಾಡಿದರೆ ಅತ್ತೆ ಬಂದು ಒಯ್ಯುತ್ತಾರೆ. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ. ಮದುವೆಯಾಗಿ ಬಂದವಳು ನೋಡಿ ಕಲಿತದ್ದು. ನನಗೆ ಅದು ಕಷ್ಟವೂ ಆಗಲಿಲ್ಲ. ಗೋಕಾಕದ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ದನಿ ಪಕ್ಕದ ತರಗತಿಗೆ ಕೇಳಬಾರದು ಎಂದೇ ಬೆಳೆಸಿದ್ದರು. ಹಾಗಾಗಿ ಎಷ್ಟೋ ಲೀಗುಗಳನ್ನು ನಾನು ಬಾಗಿಲ ಪರದೆಯ ಸಂದಿಯಿಂದ, ಕೈಯಲ್ಲಿ ಸೌಟು ಹಿಡಿದು, ಒಂದು ಮಾತಾಡದೆ ನೋಡಿದ್ದೆ.

ಮರುದಿನ ಮಾವನವರು ಹಟಕ್ಕೆ ಬಂದು ಕೂತಿದ್ದರು. ನೆಟ್ ಪೂರ್ತಿ ಹೋಗಿತ್ತು, ಸ್ಪೀಕರ್ ಸುಮ್ಮನಿತ್ತು. ಟಿವಿಯ ಹಿಂದಿ ಹಚ್ಚಿದರು. ಮಾವನವರಿಗೆ ಬಜಾರದ ಹಿಂದಿ ಬರುತ್ತದೆ, ಆದರೆ ಕಾಮೆಂಟರಿ ಹೇಳುವವನ ಓಟಕ್ಕೆ ಅದು ಸಾಲದು. "ಬರೇ ಒದರತಾನ, ಏನಾತು ಅಂತ ಹೇಳೂದಿಲ್ಲ" ಎಂದು ಬೇಸರಪಟ್ಟರು. ಆಮೇಲೆ ಯಾರಿಗೂ ಅಲ್ಲದಂತೆ ಕೇಳಿದರು: "ಎಷ್ಟ ಮಂದಿ ಉಳದಾರ?"

ಸ್ನೇಹಿತರು ಚುರುಮುರಿ ತಿನ್ನುವುದರಲ್ಲಿದ್ದರು. ಬಾಗಿಲಿನಿಂದ ನನ್ನ ಬಾಯಿ ತಾನೇ ತೆರೆಯಿತು. "ಆರು ಮಂದಿ ಅದಾರ್ರಿ ಮಾವಾರ."

ಚುರುಮುರಿ ಜಗಿಯುವ ಸದ್ದು ನಿಂತಿತು. ಮಾವನವರು ಮುಖ ತಿರುಗಿಸಲಿಲ್ಲ. "ಯಾವ ಕಾಲ ಮುಂದ ಐತಿ?"

"ಎಡಗಾಲ್ರಿ. ಬಲಗಾಲ ಎತ್ತಿ ಎತ್ತಿ ಇಡಾಕತ್ತಾನ್ರಿ."

"ಹಂಗಾರ ಮುಟ್ಟೂದಿಲ್ಲ ಅಂವಾ. ಬೋನಸ್ ಕದ್ದು ಓಡ್ತಾನ." ಆತ ಯಾರನ್ನೂ ಮುಟ್ಟದೆ ಬೋನಸ್ ಗೆರೆಯಾಚೆ ಪಾದ ಇಟ್ಟು, ಒಂದು ಅಂಕ ತೆಗೆದುಕೊಂಡು ಓಡಿದ.

ನನ್ನ ದನಿ ಪರದೆಯಲ್ಲಿ ಸಿಕ್ಕಿಕೊಂಡು ಅರ್ಧ ಮಾತ್ರ ಮುಟ್ಟುತ್ತಿತ್ತು. ಮಾವನವರು ಮತ್ತೆ ಮತ್ತೆ "ಆಂ?" ಎನ್ನುತ್ತಿದ್ದರು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಸಾಕಾಯಿತು. "ಹೊರಗ ಬಂದ ಕುಂತ ಹೇಳವಾ. ಬಾಗಲಾ ಕಾಯಾಕ ನೀ ಏನ್ ವಾಚಮನ್ನೇನ?" ಎಂದು ತಮ್ಮ ಪಕ್ಕದ ಚಾಪೆಯನ್ನು ಅಂಗೈಯಿಂದ ತಟ್ಟಿದರು. ನಾನು ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು ಬಂದು ಕೂತೆ. ಕಂಡಕ್ಟರರು ಗೌರವಕ್ಕೆ ಕಾಲು ಮಡಚಿಕೊಂಡರು.

ನನಗೆ ನಿಯಮ ಅಷ್ಟು ಗೊತ್ತಿರಲಿಲ್ಲ. ಕಂಡದ್ದನ್ನು ಹೇಳಿದೆ. ಒಬ್ಬ ಅಂಗೈಯನ್ನು ಚಡ್ಡಿಗೆ ಒರೆಸಿದ್ದು, ಒಬ್ಬನ ಬೆರಳಿನ ಪಟ್ಟಿ ಬಿಚ್ಚಿದ್ದು, ರೈಡರ್ ಗಡಿಯಾರದ ಕಡೆ ಓರೆಗಣ್ಣು ಹಾಯಿಸಿದ್ದು. "ಸ್ಕೋರ್ ಹೇಳವಾ ತಂಗಿ, ಚಡ್ಡಿ ಬಟ್ಟಿ ನಾ ನೋಡ್ಕೋತೇನಿ" ಎಂದು ಟೇಲರರು ನಕ್ಕರು. ಆದರೆ ಮಾವನವರಿಗೆ ಬೇಕಾಗಿದ್ದದ್ದು ಅದೇ. ಹಿಡಿಯುವವರು ಕೈಕೈ ಹಿಡಿದು ಸಾಲಾಗಿ ನಿಂತಿರುತ್ತಾರೆ. ಮೂಲೆಯವನು ಜೊತೆಗಾರನ ಕೈ ಬಿಟ್ಟ ಎಂದು ನಾನು ಹೇಳಿದ ತಕ್ಷಣ ಅವರು "ಕಾಲಿಗೆ ಬೀಳ್ತಾನ!" ಎಂದು ಕೂಗಿದರು. ಆತ ಬಿದ್ದ, ಪಾದ ಹಿಡಿದ. ಟೇಲರರು "ಹಿಡದ್ರು" ಎನ್ನುವ ಮೊದಲೇ ಮಾವನವರು ಹೇಳಿಯಾಗಿತ್ತು. ಅಂದಿನಿಂದ ಸ್ಪೀಕರ್ ಕಪಾಟು ಸೇರಿತು. ನಾನು ಅಡುಗೆಯನ್ನು ಆಟಕ್ಕೆ ಮೊದಲೇ ಮುಗಿಸತೊಡಗಿದೆ.

ಆದರೂ ಸ್ನೇಹಿತರ ಮರ್ಯಾದೆ ಪೂರ್ತಿ ಇಳಿದಿರಲಿಲ್ಲ. ಸೊಸೆ ಎದುರಿಗೆ ಕೂತಿದ್ದಾಳೆಂದು ಬೈಗಳು ನುಂಗಿಕೊಳ್ಳುತ್ತಿದ್ದರು. ಮಾವನವರು ಸರಿ ಹೇಳಿದರೆ ಹೊಗಳಿಕೆ, ತಪ್ಪಿದರೆ ಮೌನ. ಅವರಿಗೆ ಹೊಗಳಿಕೆ ರುಚಿಸುತ್ತಿರಲಿಲ್ಲ. "ಹೂಂ ಹೂಂ" ಎಂದು ತಳ್ಳಿಹಾಕುತ್ತಿದ್ದರು.

ಸೆಮಿಫೈನಲ್ ದಿನ ಆಟ ಸಮ ಸಮ ಬಂದು ಕೊನೆಯ ರೈಡಿಗೆ ನಿಂತಿತು. ರೈಡು ಎದುರಾಳಿಗಳದು, ಹಿಡಿಯಲು ನಿಂತವರು ಮಾವನವರ ಮೆಚ್ಚಿನ ತಂಡದವರು. "ಮೂಲ್ಯಾಗಿನಾವ ಕೈ ಬಿಟ್ಟಾನ್ರಿ ಮಾವಾರ!" ಎಂದೆ, ಬಹುಶಃ ಓಣಿಗೇ ಕೇಳುವಂತೆ.

"ಹಿಡದ! ಮುಗೀತ ಆಟಾ!" ಮಾವನವರು ಎದ್ದೇಬಿಟ್ಟರು.

ಮೂಲೆಯವನು ಕೈ ಬಿಟ್ಟದ್ದು ಜಾರಿದ ಮೊಣಕಾಲು ಪಟ್ಟಿ ಎಳೆದುಕೊಳ್ಳಲು. ರೈಡರ್ ಅವನ ಬಗ್ಗಿದ ಬೆನ್ನನ್ನು ಮುಟ್ಟಿ, ನಡೆದುಕೊಂಡೇ ವಾಪಸು ಬಂದ. ಅದನ್ನು ಹೇಗೆ ಹೇಳಲಿ ಎಂದು ನಾನು ಅತ್ತೆಯ ಕಡೆ ನೋಡಿದೆ. ಅಷ್ಟರಲ್ಲಿ ಕಂಡಕ್ಟರರಿಗೆ ತಡೆದುಕೊಳ್ಳಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಾವ್ಕಾರ್ರ, ಅಂವಾ ಪಟ್ಟಿ ಏರಸ್ಕೊಳಾಕತ್ತಾನ್ರಿ! ನೀವು ಇಲ್ಲಿ ಆಟಾ ಗೆದ್ದ ನಿಂತ್ರಿ!"

"ಏನಂದಿ?"

"ರೈಡರ್ ಮುಟ್ಟಿ ಹೋದ್ನ್ರಿ. ನಿಮ್ಮವರು ಸೋತ್ರು. ಕುಂದರ್ರಿ ಕೆಳಗ, ಕಾಲ ನೋಯ್ತಾವ."

ಮಾವನವರು ಕೂರಲಿಲ್ಲ. ಮುಖ ಕೆಂಪಾಗಿತ್ತು, ಗದ್ದ ಮೇಲಿತ್ತು. "ಅಂಕಣದಾಗ ನಿಂತ ಪಟ್ಟಿ ಯಾವಾವ ಏರಸ್ತಾನ? ತಪ್ಪ ಅವಂದು! ಕೈ ಬಿಟ್ಟಮ್ಯಾಗ ಬೀಳಬೇಕ, ಇಲ್ಲಾ ಬಿಡಬಾರ್ದು. ನೀ ಏನ್ ಕಲ್ತಿ ಕಬಡ್ಡಿ? ಬಸ್ಸಿನ್ಯಾಗ ಸೀಟಿ ಊದಾಂವಾ!"

"ನಾ ಸೀಟಿ ಊದಿದ್ರ ಗಾಡಿ ನಿಲ್ತಿತ್ರಿ. ನೀವು ಊದಿದ್ರ ಏನೂ ನಿಲ್ಲೂದಿಲ್ಲ."

ಟೇಲರರು ಟೇಪು ಹಿಡಿದು ಮಧ್ಯೆ ಬಂದರು, ಅವರಿಗೂ ಎರಡು ಬೈಗಳು ಬಿದ್ದವು. ಯಾರೂ ನನ್ನ ಕಡೆ ನೋಡಲಿಲ್ಲ, ನಾನಿದ್ದೇನೆಂಬ ನೆನಪೂ ಯಾರಿಗೂ ಇರಲಿಲ್ಲ. ಟಿವಿಯಲ್ಲಿ ಗೆದ್ದವರು ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯುತ್ತಿದ್ದರು. ಅತ್ತೆ ರಿಮೋಟು ಒತ್ತಿ ಅದನ್ನು ಆರಿಸಿದರೂ ಯಾರಿಗೂ ಗೊತ್ತಾಗಲಿಲ್ಲ. ಮಾವನವರು ಜಗಳಾಡುತ್ತಲೇ ಕಂಡಕ್ಟರರ ಹೆಗಲು ಹಿಡಿದು ಅಂಗಳಕ್ಕೆ ಇಳಿದರು. ಅರಭಾವಿಯ ಬಸ್ಸಿಗೆ ಹೊತ್ತಾಗಿತ್ತು, ಆದರೆ ಅಂಗಳದಲ್ಲಿ ಅವರು ಕಂಡಕ್ಟರರನ್ನು ನಿಲ್ಲಿಸಿ, ಧೋತರ ಮೇಲೆತ್ತಿ ಕಟ್ಟಿ, ಮೂಲೆಯವನು ಹೇಗೆ ನಿಲ್ಲಬೇಕೆಂದು ಬಗ್ಗಿ ತೋರಿಸುತ್ತಿದ್ದರು.