ಬಾಗಿಲಿಗೆ ಮೊದಲ ನೀರು

ನಮ್ಮ ಅತ್ತೆಯ ಅಂಗೈ ಜಡ್ಡುಗಟ್ಟಿತ್ತು. ಹಾರನಹಳ್ಳಿಯ ಆಳದ ಬಾವಿಯಿಂದ ಎಳವೆಯಿಂದಲೂ ನೀರು ಸೇದಿ, ಹಗ್ಗ ಉಜ್ಜಿ ಉಜ್ಜಿ ಗಟ್ಟಿಯಾದ ಕೈ ಅದು. ಪ್ರೀತಿ ಉಕ್ಕಿದಾಗ ಅದರಿಂದಲೇ ನನ್ನ ಕೆನ್ನೆ ಸವರುತ್ತಿದ್ದರು. ಕಂಬಳಿ ತಾಕಿದ ಹಾಗಾಗುತ್ತಿತ್ತು. ನಾನು ಮುಖ ಹಿಂದಕ್ಕೆಳೆದುಕೊಂಡರೆ, "ನಾಜೂಕು ಕಣಮ್ಮ ನೀನು, ಅರಸೀಕೆರೆ ಸ್ಟೇಷನ್ ಪಕ್ಕದೋಳಲ್ವೇ" ಎಂದು ನಗುತ್ತಿದ್ದರು.

ಯಜಮಾನರಿಗೆ ಬೇಲೂರಿನ ತಾಲ್ಲೂಕು ಕಚೇರಿಗೆ ವರ್ಗವಾದಾಗ ನಾವು ಹಿಡಿದ ಬಾಡಿಗೆ ಮನೆಯಲ್ಲಿ ಬಾವಿ ಇರಲಿಲ್ಲ, ಅಡುಗೆಮನೆಯಲ್ಲೇ ನಲ್ಲಿ ಇತ್ತು. ನನಗೋ ಹಿಗ್ಗು. ಅತ್ತೆ ಮಾತ್ರ ಹತ್ತಿರ ಸುಳಿಯಲಿಲ್ಲ. ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆ, ಮಡಿಗೆ ಆಗುವುದಿಲ್ಲ ಎಂದು ಯಾರೋ ಕಿವಿಗೆ ಹಾಕಿದ್ದರು. ಕೆಲಸದವನನ್ನು ಕರೆಸಿ, ನಲ್ಲಿ ಬಿಚ್ಚಿಸಿ, ಚರ್ಮ ತೆಗೆಸಿ ರಬ್ಬರು ಹಾಕಿಸಿದ ಮೇಲೆಯೇ ಅವರಿಗೆ ನೆಮ್ಮದಿ. ಗೋಡೆಯ ಮೇಲಿನ ಬೂದು ಬಣ್ಣದ ಕೊಳವೆಯನ್ನು ತಟ್ಟಿ ನೋಡಿ, "ಇದು ಲೋಹ, ದೋಷ ಇಲ್ಲ" ಎಂದು ಒಪ್ಪಿಗೆ ಕೊಟ್ಟರು. ಅದು ಸೀಸದ ಕೊಳವೆ ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ.

ನಲ್ಲಿಗೆ ಬರುತ್ತಿದ್ದ ಯಗಚಿ ಹೊಳೆಯ ನೀರನ್ನು ಅವರು ಹೊಗಳಿದ್ದೇ ಹೊಗಳಿದ್ದು. "ಹಾರನಹಳ್ಳೀಲಿ ಬೇಳೆ ಬೇಯೋಕೆ ಮಧ್ಯಾಹ್ನ ಆಗ್ತಿತ್ತು ಕಣೇ. ಇಲ್ಲಿ ನೋಡು, ಬೆಣ್ಣೆ." ನಸುಕಿನಲ್ಲೇ ಮಿಂದು, ಮನೆಯಲ್ಲಿ ಯಾರೂ ನಲ್ಲಿ ಮುಟ್ಟುವ ಮೊದಲು ಮಡಿ ನೀರು ಹಿಡಿಯುತ್ತಿದ್ದರು. ಮೊದಲ ಚೊಂಬು ದೇವರಿಗೆ. ಆಮೇಲಿನ ಲೋಟ ನನಗೆ. "ಕುಡಿಯೇ, ಇನ್ನೂ ಯಾರೂ ಮುಟ್ಟದ ನೀರು." ತಾವು ಪೂಜೆ ಮುಗಿಯುವ ತನಕ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಆ ಮನೆಗೆ ಬಂದ ವರ್ಷವೇ ನನಗೊಮ್ಮೆ ಗರ್ಭ ನಿಲ್ಲದೆ ಹೋಗಿತ್ತು. ಮತ್ತೆ ಬಸಿರಾದಾಗ ಆ ಲೋಟ ಎರಡಾಯಿತು.

ಹೊಟ್ಟೆನೋವು, ಸುಸ್ತು ಹೆಚ್ಚಾಗಿ ಆಸ್ಪತ್ರೆಗೆ ಹೋದೆವು. ಡಾಕ್ಟರು ನನ್ನ ತುಟಿ ಸರಿಸಿ, ಒಸಡಿನ ಅಂಚಿನ ನೀಲಿ ಗೆರೆಯನ್ನು ಯಜಮಾನರಿಗೆ ತೋರಿಸಿ, "ಇದು ಸೀಸದ ವಿಷದ ಗುರುತು, ಗರ್ಭಕ್ಕೂ ಕೇಡು. ನಿಮ್ಮನೆ ನಲ್ಲಿಗೆ ಎಂಥ ಕೊಳವೆ?" ಎಂದು ಕೇಳಿದರು. ಮನೆಗೆ ಬಂದು ಬೀಗದ ಕೈಯಿಂದ ಕೆರೆದರೆ ಕೊಳವೆ ಮೆತ್ತಗೆ ಕೆತ್ತಿ ಬಂದು ಬೆಳ್ಳಗೆ ಹೊಳೆಯಿತು. ಸೀಸವೇ.

ನೀರು ಪರೀಕ್ಷಿಸಲು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಸೀಸೆ, ನಳಿಕೆಗಳೊಂದಿಗೆ ಹಿತ್ತಿಲಿಗೆ ಬಂದರು. ಅವರು ಸೀಸೆಯಲ್ಲಿ ಹುಟ್ಟಿಸಿದ ಯಾವುದೋ ಗ್ಯಾಸಿನ ನಾತ ಮನೆಯೆಲ್ಲ ಹಬ್ಬಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

"ಇದೇನ್ರೀ ಮೇಷ್ಟ್ರೇ, ನಮ್ಮನೆ ಹಿತ್ತಿಲಲ್ಲಿ ಮೊಟ್ಟೆ ಕೊಳೆ ಹಾಕಿದೀರಾ?"

"ಮೊಟ್ಟೆ ಇಲ್ಲಮ್ಮ, ಬರೀ ವಾಸನೆ."

ಬೆಳಗಿನ ಮೊದಲ ನೀರಿನೊಳಕ್ಕೆ ಆ ಗ್ಯಾಸು ಹಾಯಿಸಿದಾಗ, ಸೀಸವಿದ್ದುದರಿಂದ ನೀರು ಕಂದು ಬಣ್ಣಕ್ಕೆ ತಿರುಗಿತು. ನಲ್ಲಿ ಸುಮಾರು ಹೊತ್ತು ಬಿಟ್ಟ ಮೇಲೆ ಹಿಡಿದ ನೀರು ಹಾಗೇ ತಿಳಿಯಾಗಿತ್ತು. "ರಾತ್ರಿಯೆಲ್ಲ ಕೊಳವೇಲಿ ನಿಂತ ನೀರಮ್ಮ ಇದು. ಬೇಳೆ ಬೇಗ ಬೇಯಿಸೋ ಇಂಥ ಮೆದು ನೀರೇ ಸೀಸಾನ ಕರಗಿಸಿಕೊಳ್ಳೋದು" ಎಂದರು ಮೇಷ್ಟ್ರು.

"ಅಂದ್ರೆ ಯಾರೂ ಮುಟ್ಟದ ನೀರೇ..." ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ನನ್ ಕೈಯ್ಯಾರೆ ಕುಡಿಸಿದೆನಲ್ಲೇ."

ನನಗೆ ಕೋಪ ಬರಲಿಲ್ಲ, ಅಳು ಬಂತು. ಮಡಿಯನ್ನೂ ಲೆಕ್ಕಿಸದೆ ಆ ಒರಟು ಕೈ ಹಿಡಿದುಕೊಂಡೆ. ಅವರೂ ಬಿಡಿಸಿಕೊಳ್ಳಲಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಕಬ್ಬಿಣದ ಕೊಳವೆ ಎಲ್ಲೂ ಸಿಗುವುದಿಲ್ಲ ಎಂದು ಮನೆ ಮಾಲೀಕರು ಕೈಚೆಲ್ಲಿಬಿಟ್ಟರು. ದಾರಿ ಹುಡುಕಿದ್ದು ಅತ್ತೆಯೇ. ಮರುದಿನ ಬೆಳಿಗ್ಗೆ ಮಡಿಯುಟ್ಟು ದೂರ ನಿಂತು ನನ್ನನ್ನು ಎಬ್ಬಿಸಿದರು.

"ಮಡೀಲಿ ನಾನು ಬಾಗಿಲು ತೊಳೆಯೋ ಹಾಗಿಲ್ಲ. ನೀನು ಸ್ನಾನ ಆಮೇಲೆ ಮಾಡುವಿಯಂತೆ. ಹೋಗಿ ನಲ್ಲಿ ತಿರುಗಿಸು. ಮೊದಲ ನೀರಲ್ಲಿ ಬಾಗಿಲು ತೊಳೆದು ಅಂಗಳಕ್ಕೆ ಹಾಕು. ಧಾರಾಳವಾಗಿ ಹಾಕು."

ಮೈಲಿಗೆಯ ಸೊಸೆ ಮೊದಲು ಮುಟ್ಟಿದ ನಲ್ಲಿಯಿಂದ ದೇವರಿಗೆ ನೀರು! ಮಡಿಯವರ ಜೊತೆ ಬಾಳಿದವರಿಗೆ ಇದರ ಭಾರ ಗೊತ್ತು. ನಾನು ರಂಗೋಲಿ ಇಟ್ಟು ಬರುವಷ್ಟರಲ್ಲಿ ಅತ್ತೆ ನಲ್ಲಿಗೆ ಹುಣಸೆಹಣ್ಣು ತಿಕ್ಕಿ ತೊಳೆದು, ತಮ್ಮ ನೀರು ಹಿಡಿದುಕೊಂಡಿದ್ದರು. ಪಕ್ಕದ ಮನೆಯಾಕೆ ಮೂಗು ಮುರಿದಾಗ, "ದೇವರಿಗೆ ಅವಸರ ಇಲ್ಲ ಕಣ್ರೀ. ನಮ್ಮನೆ ಕೂಸಿಗೆ ಇದೆ" ಎಂದು ಬಾಯಿ ಮುಚ್ಚಿಸಿದರು. ಮೇಷ್ಟ್ರು ಆಗಾಗ ಬಂದು ಹಿತ್ತಿಲನ್ನು ನಾರಿಸಿ ಹೋಗುತ್ತಿದ್ದರು. ಅತ್ತೆ ಬೈಯುತ್ತಲೇ ಕಾಫಿ ಕೊಡುತ್ತಿದ್ದರು. ಮೊದಲ ನೀರು ಚೆಲ್ಲಿದ ಮೇಲೆ ಹಿಡಿದ ನೀರು ಯಾವತ್ತೂ ಬಣ್ಣ ತಿರುಗಲಿಲ್ಲ.

ಮಗಳು ಹುಟ್ಟಿದಳು, ಗುಂಡುಗುಂಡಾಗಿ. ಅತ್ತೆಯ ಕೈ ಕೆನ್ನೆಗೆ ತಾಗಿದರೆ ಅವಳೂ ಮುಖ ಕಿವಿಚುತ್ತಿದ್ದಳು.

ಯುದ್ಧ ಮುಗಿದು, ಕೊಳವೆ ಬದಲಾದರೂ ನಮ್ಮ ಕ್ರಮ ಬದಲಾಗಲಿಲ್ಲ. ಅತ್ತೆ ಕಣ್ಣು ಮುಚ್ಚುವ ದಿನ ಬೆಳಿಗ್ಗೆ ನಾನು ಲೋಟ ಹಿಡಿದು ಪಕ್ಕದಲ್ಲಿ ಕೂತೆ. ಅವರು ನೀರು ಕುಡಿಯದೆ ನನ್ನ ಮುಖವನ್ನೇ ನೋಡಿ ಕೇಳಿದರು: "ಬಾಗಿಲಿಗೆ ಹಾಕಿದ್ಯೇನೇ?"

"ಹಾಕಿದೆ ಅತ್ತೆ."

"ಹಾಗಾದ್ರೆ ಯಾವತ್ತಿನ ಹಾಗೆ ಮೊದಲು ನೀನು ಕುಡಿ" ಎಂದರು.