ಹೆಲೆನ್ ಮಾಡದೆ ಬಿಟ್ಟಿದ್ದ ಫೋನ್

ಫ್ರೆಂಡ್ಸ್, ಇವತ್ತು ಹೂರಾ ಬಡಾವಣೆಯ ನಮ್ಮ ಹೊಸ ಫ್ಲ್ಯಾಟಿಗೆ ಮೊದಲ ಅತಿಥಿಯಾಗಿ ಸಹೋದ್ಯೋಗಿ ಹೆಲೆನ್ ಬಂದಳು, ನನ್ನ ನೀರುದೋಸೆ ಮುಟ್ಟದೆ ಅತ್ತಳು! ಲಂಡನ್ನಿನಲ್ಲಿ ಗೆಳತಿಯೊಂದಿಗೆ ಮದುವೆಯಂತೆಯೇ ಕಾನೂನು ಒಪ್ಪುವ ಸಿವಿಲ್ ಪಾರ್ಟ್‌ನರ್‌ಶಿಪ್ ಮಾಡಿಕೊಂಡಿದ್ದವಳು ಈಗ ಬೇರೆಯಾಗುತ್ತಿದ್ದಾಳೆ. ಆ ಗೆಳತಿ ಸ್ಕಾಟ್ಲೆಂಡಿನಲ್ಲೂ ಕೇಸು ಹಾಕಿದ್ದರಿಂದ ಲಂಡನ್ ಕೋರ್ಟ್ ತನ್ನಲ್ಲಿದ್ದ ಬೇರ್ಪಡುವ ಕೇಸನ್ನು ತಡೆಹಿಡಿದಿದೆ.

“ಅವಳ ಹತ್ತಿರ ಇರುವ ಮಗಳ ಜೊತೆ ಪ್ರತಿ ಶುಕ್ರವಾರ ಫೋನಿನಲ್ಲಿ ಮಾತಾಡಲು ಲಂಡನ್ ಕೋರ್ಟ್ ಕೊಟ್ಟಿದ್ದ ಆರ್ಡರ್ ಕೂಡ ಹೋಯ್ತು. ಇವತ್ತೇ ಶುಕ್ರವಾರ,” ಎಂದಳು.

ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಗಂಡ (ಹಾಗೆ ಬರೆಯಲು ಇನ್ನೂ ಎಷ್ಟು ಖುಷಿ!) ಅವಳು ತಂದಿದ್ದ ಕೋರ್ಟಿನ ಪತ್ರ ಓದಿದರು. “ನಿಂತದ್ದು ಕೇಸು ಮಾತ್ರ ಮಾರಾಯ್ರೆ! ಈ ಆರ್ಡರ್ ಇನ್ನೂ ಮೂರು ತಿಂಗಳು ಇದೆ. ಅಷ್ಟರೊಳಗೆ ಸ್ಕಾಟ್ಲೆಂಡ್ ಕೋರ್ಟಿನಲ್ಲಿ ಇಂಥದ್ದೇ ಹೊಸ ಆರ್ಡರ್ ಕೇಳಿ. ಈಗ ಫೋನ್ ಮಾಡಿ.”

ಮಾಡಿದಳು. ಆ ಕಡೆಯಿಂದ ಮಗಳು ಗದರಿದಳು: “ಮಮ್ಮೀ, ಹತ್ತು ನಿಮಿಷ ಲೇಟ್!”

ಎರಡು ಕೋರ್ಟುಗಳಿಗಿಲ್ಲದ ಅವಸರ ಆರು ವರ್ಷದ ಆ ಹುಡುಗಿಗಿತ್ತು.